ಬೋಳು ಗುಡ್ಡಕ್ಕೆ ಗಿಡ ಬೇಡ, ಮೇಡಂ

ಪುಣೆಯ ಕೋಥರೂಡಿನಿಂದ ಒಬ್ಬ ಓದುಗರು ಪತ್ರ ಬರೆದಿದ್ದಾರೆ. ನಿವೃತ್ತ ಶಿಕ್ಷಕಿ, ಊರು ಅಥಣಿ ಕಡೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ನಮ್ಮ ಅರಣ್ಯ ವಿಶೇಷಾಂಕ ಓದಿ ಮೊಮ್ಮಗನನ್ನು ಕರೆದುಕೊಂಡು ವಿದರ್ಭದ ಒಂದು ಹುಲಿ ಕಾಡಿಗೆ ಹೋಗಿದ್ದರು. ಹುಲಿ ಕಂಡಿತು. ಆದರೆ ಸುತ್ತ ಸಫಾರಿ ಜಿಪ್ಸಿಗಳ ಜಾತ್ರೆ. ಹುಡುಗ ನೋಡಿದ್ದು ಮುಂದಿನ ಗಾಡಿಯವರ ಬೆನ್ನನ್ನೇ ಜಾಸ್ತಿ. 'ಇದನ್ನು ಕಾಡು ಅನ್ನಬೇಕೇ? ಪುಣೆಯ ಹತ್ತಿರ, ಮಂಡಿ ನೋವಿನ ನನ್ನಂಥವಳೂ ಹೋಗಬಹುದಾದ ನಿಜವಾದ ಕಾಡು ಇದ್ದರೆ ಹೇಳಿ. ಇಲ್ಲದಿದ್ದರೆ ಇಂಥ ಲೇಖನ ಹಾಕುವುದನ್ನು ನಿಲ್ಲಿಸಿ' ಎನ್ನುತ್ತಾರೆ. ಕೊನೆಗೊಂದು ಸುದ್ದಿ: ಜೇಜುರಿ ದಾರಿಯ ಬೋಳು ಗುಡ್ಡಗಳನ್ನು ನೋಡಿ ಹೊಟ್ಟೆ ಉರಿದು, ಅವರ ಮಹಿಳಾ ಮಂಡಳ ಈ ಮಳೆಗಾಲದಲ್ಲಿ ಅಲ್ಲಿ ಗಿಡ ನೆಟ್ಟು ಕಾಡು ಬೆಳೆಸಲು ಹೊರಟಿದೆ. ಪತ್ರಿಕೆಯಲ್ಲಿ ಪ್ರಚಾರ ಕೊಡಬೇಕಂತೆ.

ನಮಸ್ಕಾರ ಮೇಡಂ,

ಮೊದಲು ಜಿಪ್ಸಿಗಳ ವಿಷಯ ಮುಗಿಸಿಬಿಡೋಣ. ನಿಮ್ಮ ಸಿಟ್ಟು ನ್ಯಾಯವಾದದ್ದೇ. 2024ರ ಡಿಸೆಂಬರ್ 31ರಂದು ನಾಗಪುರದ ಹತ್ತಿರದ ಉಮ್ರೇಡ್-ಪವನಿ-ಕರ್ಹಾಂಡ್ಲಾ ಅಭಯಾರಣ್ಯದಲ್ಲಿ ತಾಯಿ ಹುಲಿಯನ್ನೂ ಅದರ ಐದು ಮರಿಗಳನ್ನೂ ಸಫಾರಿ ಗಾಡಿಗಳು ಅಡ್ಡಗಟ್ಟಿ ನಿಂತವು. ವಿಡಿಯೋ ಎಲ್ಲ ಕಡೆ ಹರಿದಾಡಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಡ್ರೈವರ್‌ಗಳು, ಗೈಡ್‌ಗಳು ಅಮಾನತಾದರು. ಆದರೆ ಅವರನ್ನಷ್ಟೇ ಬೈದು ಏನು ಪ್ರಯೋಜನ? ಹಿಂದೆ ಕೂತವರು 'ಹುಲಿ ತೋರ್ಸಪ್ಪ, ಆಮೇಲೆ ನಿನ್ನನ್ನ ನೋಡ್ಕೋತೀವಿ' ಅಂದಿರುತ್ತಾರಲ್ಲ. ಬಂದವರೆಲ್ಲ ಒಂದೇ ಪ್ರಾಣಿಯ ಬೆನ್ನು ಹತ್ತಿದರೆ ಹೀಗಲ್ಲದೆ ಇನ್ನೇನಾಗುತ್ತದೆ?

ಲೇಖನ ನಿಲ್ಲಿಸುವುದಿಲ್ಲ, ಕ್ಷಮಿಸಿ. ಮನೆಯಲ್ಲೇ ಕೂತು ಓದುವವರೂ ಇದ್ದಾರೆ, ಅವರ ಪಾಲಿಗೆ ಅದೇ ಪ್ರವಾಸ.

ನನಗೆ ದಿಗಿಲು ಹುಟ್ಟಿಸಿದ್ದು ನಿಮ್ಮ ಕೊನೆಯ ಸುದ್ದಿ. ನೀವು ಕೇಳಿದ ಕಾಡು ನೀವು ಗುಂಡಿ ತೋಡಲು ಹೊರಟ ಜಾಗದಲ್ಲೇ ಇದೆ. ಆ ಬೋಳು ಗುಡ್ಡ ಹಾಳಾಗಿ ಬೋಳಾದದ್ದಲ್ಲ. ಅದು ಇರುವುದೇ ಹಾಗೆ.

ಮಳೆಯ ಲೆಕ್ಕ ನೋಡಿ. ಘಟ್ಟದ ನೆತ್ತಿಯ ಲೋನಾವಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆ. ಅಲ್ಲಿಂದ ಪೂರ್ವಕ್ಕೆ ಬಾರಾಮತಿ, ಇಂದಾಪುರ ತಲುಪುವಷ್ಟರಲ್ಲಿ ಅದು 500ರ ಆಸುಪಾಸಿಗೆ ಇಳಿದಿರುತ್ತದೆ. ಮೋಡ ತನ್ನ ಹೊರೆಯನ್ನೆಲ್ಲ ಸಹ್ಯಾದ್ರಿಯ ಮೇಲೇ ಇಳಿಸಿಬಿಡುತ್ತದೆ. ಈ ಕಡೆ ತೆಳು ಮಣ್ಣು, ಕೆಳಗೆ ಕಲ್ಲು. ಇಲ್ಲಿ ತಾನಾಗಿ ಬೆಳೆಯುವುದು ಹುಲ್ಲು, ಅಲ್ಲಲ್ಲಿ ಜಾಲಿ, ಬೋರೆ. ನಮ್ಮ ವಿಜಯಪುರ, ಬಾಗಲಕೋಟೆಯ ಬಯಲೂ ಇದೇ ಸಂಸಾರದ್ದು. ಅಥಣಿಯವರಿಗೆ ನಾನು ಬಯಲು ಸೀಮೆಯ ಬಗ್ಗೆ ಹೇಳಬೇಕೇ?

ಆದರೆ ನಮ್ಮ ತಲೆಯಲ್ಲಿ ಕಾಡು ಅಂದರೆ ಮರ ಅಂತ ಕೂತುಬಿಟ್ಟಿದೆ. ಸರ್ಕಾರದ ಕಡತಗಳಲ್ಲೂ ಅಷ್ಟೇ. ಇಂಥ ಎಷ್ಟೋ ಹುಲ್ಲುಗಾವಲು ಪಾಳು ಭೂಮಿಯ ಪಟ್ಟಿಗೆ ಸೇರಿದೆ. ಪಾಳು ಅಂದ ಮೇಲೆ ಯಾರು ಬೇಕಾದರೂ ಉದ್ಧಾರ ಮಾಡಬಹುದಲ್ವಾ? ಒಬ್ಬರು ಸೋಲಾರ್ ಫಲಕ ಹಾಕುತ್ತಾರೆ, ಇನ್ನೊಬ್ಬರು ಸೈಟು ಹಂಚುತ್ತಾರೆ. ಮಳೆಗಾಲ ಬಂದರೆ ಒಳ್ಳೆ ಮನಸ್ಸಿನ ಜನ ಸಸಿ ಹಿಡಿದು ಬರುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಈ ಮೂರನೆಯವರ ಭಯವೇ ಜಾಸ್ತಿ. ಬಿಲ್ಡರ್ ಜೊತೆ ಜಗಳ ಆಡಬಹುದು. ಸಸಿ ಹಿಡಿದ ಅಜ್ಜಿಯರ ಜೊತೆ ಹೇಗೆ ಆಡುವುದು?

ಗಿಡ ನೆಟ್ಟರೆ ಏನು ಕೆಡುತ್ತದೆ ಅಂತ ಕೇಳಬಹುದು. ನೆಡುವ ಮುಂಚೆ ಗುಡ್ಡಕ್ಕೆ ಅಡ್ಡಲಾಗಿ ಕಂದಕ ತೋಡುತ್ತಾರೆ. ಇರುವ ಅಷ್ಟು ತೆಳು ಮಣ್ಣೂ ತಲೆಕೆಳಗಾಗುತ್ತದೆ. ಆಮೇಲೆ ನೆಡುವುದು ಬೇಗ ಬೆಳೆಯುವ ಗ್ಲಿರಿಸಿಡಿಯಾ, ನಮ್ಮ ರೈತರು ಗೊಬ್ಬರದ ಗಿಡ ಅನ್ನುತ್ತಾರಲ್ಲ, ಅದು. ನೆರಳು ಬಿದ್ದಲ್ಲಿ ಬಿಸಿಲಿನ ಹುಲ್ಲು ಸಾಯುತ್ತದೆ. ಬಯಲಿನ ಹಕ್ಕಿಗಳು ಗೂಡು ಕಟ್ಟುವುದು ಮರದಲ್ಲಲ್ಲ, ನೆಲದ ಮೇಲೆ. ಸುತ್ತ ನಾಲ್ಕು ದಿಕ್ಕೂ ಕಾಣುವ ಹಾಗಿದ್ದರೇ ಅವಕ್ಕೆ ಧೈರ್ಯ. ನೀವು ನೆಟ್ಟ ಮರದ ಮೇಲೆ ಕಾಗೆ, ಗಿಡುಗ ಬಂದು ಕೂತರೆ ಕೆಳಗಿನ ಮೊಟ್ಟೆಗಳ ಕಥೆ ಮುಗಿಯಿತು.

ಸೊಲ್ಲಾಪುರದ ಹತ್ತಿರ ನಾನಜ್ ಅಂತ ಒಂದು ಊರಿದೆ. ನಮ್ಮವರು ಎರೆಭೂತ ಅನ್ನುವ ದೊಡ್ಡ ಹಕ್ಕಿಗಾಗಿ (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) 1979ರಲ್ಲಿ ಅಲ್ಲಿ ಅಭಯಾರಣ್ಯ ಮಾಡಿದರು. ಆ ಸೀಮೆಯಲ್ಲೂ ಹುಲ್ಲಿನ ಜಾಗಕ್ಕೆ ಗ್ಲಿರಿಸಿಡಿಯಾ ಬಂತು, ಕಬ್ಬು ಬಂತು. ಈಗ ಅಲ್ಲಿ ಆ ಹಕ್ಕಿ ಕಾಣುವುದೇ ಅಪರೂಪ. ದೇಶದ ಬಯಲುಗಳಲ್ಲೆಲ್ಲ ಸೇರಿ ಉಳಿದಿರುವುದು ಸುಮಾರು 150.

ಸರಿ, ಹೋದರೆ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಅಷ್ಟವಿನಾಯಕ ಯಾತ್ರೆ ಮಾಡಿರುತ್ತೀರಿ. ಮೋರ್ಗಾವಿನ ಗಣಪತಿ ನೋಡಿಕೊಂಡು ಬಸ್ಸು ಮುಂದೆ ಹೋಗುತ್ತದೆ. ಅಲ್ಲಿಗೆ ಹತ್ತಿರವೇ ಸುಪೆ ಅನ್ನುವ ಊರು, ಅದರ ಪಕ್ಕ ಮಯೂರೇಶ್ವರ ಅಭಯಾರಣ್ಯ. ಬರೀ ಐದು ಚದರ ಕಿಲೋಮೀಟರ್ ಚಿಲ್ಲರೆ. ಅಲ್ಲಿ ಚಿಂಕಾರ ಅನ್ನುವ ಜಿಂಕೆಯಂಥ ಪ್ರಾಣಿ ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇದಕ್ಕಾಗಿಯೇ ಅಭಯಾರಣ್ಯ ಮಾಡಿದ್ದಾರಲ್ಲ, ಅದೇ ಪ್ರಾಣಿ. ಆಡಿನಷ್ಟು ಎತ್ತರ, ಮರಳಿನ ಬಣ್ಣ. ಗಂಡು, ಹೆಣ್ಣು ಎರಡಕ್ಕೂ ಕೊಂಬು. ಅನುಮಾನ ಬಂದರೆ ಮುಂಗಾಲನ್ನು ನೆಲಕ್ಕೆ ಬಡಿದು ಸೀನಿದ ಹಾಗೆ ಸದ್ದು ಮಾಡುತ್ತದೆ. ನೀರಿಗಾಗಿ ಹೆಚ್ಚು ಅಲೆಯುವುದಿಲ್ಲ. ಎಲೆ, ಹಣ್ಣಿನ ತೇವದಲ್ಲೇ ಬಹಳಷ್ಟು ಸಾಗಿಸುತ್ತದೆ.

ಇಂದಾಪುರ ತಾಲೂಕಿನ ಕಡಬನವಾಡಿ, ಬಾರಾಮತಿ ತಾಲೂಕಿನ ಶಿರ್ಸುಫಳ್ ಹುಲ್ಲುಗಾವಲುಗಳಲ್ಲಿ ಅರಣ್ಯ ಇಲಾಖೆಯೇ ಸಫಾರಿ ಶುರು ಮಾಡಿದೆ. ಆ ಊರುಗಳ ಹುಡುಗರೇ ಗೈಡ್‌ಗಳು. ತೋಳ, ಕತ್ತೆಕಿರುಬ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ, ಎಲ್ಲ ಆ ಸೀಮೆಯವೇ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಗಿಡುಗಗಳು ಬರುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಇಲ್ಲಿ ತಿನ್ನುವುದೇನು ಗೊತ್ತೇ? ಮಿಡತೆ. ಹುಲ್ಲಿನ ಮೇಲೆ ಆಳೆತ್ತರದಲ್ಲಿ ತೇಲುತ್ತಾ ಬಂದು ತಟಕ್ಕನೆ ಕೆಳಗೆ ಬೀಳುತ್ತವೆ.

ಮೊಮ್ಮಗನಿಗೆ ಮಾತ್ರ ನಾನು ಮೊದಲು ಓತಿಕ್ಯಾತ ತೋರಿಸುತ್ತಿದ್ದೆ. ನಗಬೇಡಿ. ಮೇ ತಿಂಗಳ ಬಿಸಿಲಲ್ಲಿ, ನಾವೆಲ್ಲ ಫ್ಯಾನ್ ಕೆಳಗೆ ಬಿದ್ದುಕೊಂಡಿರುವಾಗ, ಬೆರಳುದ್ದದ ಗಂಡು ಓತಿಕ್ಯಾತ ಒಂದು ಕಲ್ಲು ಹತ್ತುತ್ತದೆ. ಮುಂಗಾಲು ಚಾಚಿ ಎದೆ ಎತ್ತುತ್ತದೆ. ಆ ತನಕ ಮಣ್ಣಿನ ಬಣ್ಣದ ಪ್ರಾಣಿ. ಇದ್ದಕ್ಕಿದ್ದಂತೆ ಗಂಟಲ ಕೆಳಗಿನ ಚರ್ಮ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ನೀಲಿ, ಕಪ್ಪು, ಕಿತ್ತಳೆ. ಮುಚ್ಚುತ್ತದೆ, ಮತ್ತೆ ಬಿಚ್ಚುತ್ತದೆ. ಆಚೆ ಕಲ್ಲಿನ ಮೇಲೆ ಇನ್ನೊಂದು ಗಂಡು ಇದ್ದರೆ ಅದೂ ಶುರು ಮಾಡುತ್ತದೆ. ಹೆಣ್ಣು ಎಲ್ಲೋ ಹುಲ್ಲಿನ ಬುಡದಲ್ಲಿ ಕೂತು ನೋಡುತ್ತಿರುತ್ತದೆ, ಅಥವಾ ನೋಡುತ್ತಿರುವುದಿಲ್ಲ. ಇದಕ್ಕೆ ಜಿಪ್ಸಿ ಬೇಡ. ಹತ್ತು ಹೆಜ್ಜೆ ದೂರದಲ್ಲಿ ಸುಮ್ನೆ ಕೂತರೆ ಸಾಕು.

ಇನ್ನು ತೋಳ. ದೇಶದಲ್ಲಿ ಸುಮಾರು 3,100 ಇರಬಹುದು ಅಂತ ತಜ್ಞರ ಅಂದಾಜು. ಕಾಡುಹುಲಿಗಳ ಸಂಖ್ಯೆಯೂ ಹೆಚ್ಚು ಕಡಿಮೆ ಅಲ್ಲೇ ಇದೆ. ಆದರೆ ಹುಲಿಗೆ ಇರುವ ಗತ್ತು ತೋಳಕ್ಕೆ ಎಲ್ಲಿದೆ? ನಮ್ಮ ಕಡೆ ಗಂಗಾವತಿ ತಾಲೂಕಿನ ಬಂಕಾಪುರವನ್ನು ತೋಳಗಳ ಧಾಮ ಅಂತ ಘೋಷಿಸಿದ್ದಾರೆ, ಒಳ್ಳೆಯದಾಯಿತು. ಪುಣೆಯ ತೋಳಗಳು ಮಾತ್ರ ಬಹುಪಾಲು ರಕ್ಷಿತ ಪ್ರದೇಶದ ಹೊರಗೇ ಇವೆ. ಹೊಲ, ಗೋಮಾಳ, ಗುಡ್ಡ, ಹೆದ್ದಾರಿ ಎಲ್ಲದರ ನಡುವೆ. ತಿನ್ನುವುದೂ ಹೆಚ್ಚಾಗಿ ಕುರಿ, ಆಡು.

ಸಾಸವಡದ ಆಚೆ ಒಂದು ಸಂಜೆ ಧನಗರರ ಬಿಡಾರದ ಹತ್ತಿರ ನಿಂತಿದ್ದೆವು. ಬಲೆ ಕಟ್ಟಿದ ದೊಡ್ಡಿಯೊಳಗೆ ಕುರಿಗಳು, ಹೊರಗೆ ಕುದುರೆ, ಅದರ ಬೆನ್ನಿಂದ ಇಳಿಸಿದ ಪಾತ್ರೆ, ಕಂಬಳಿ, ಒಂದು ಎಳೆ ಮರಿ. ನಮ್ಮ ಕನ್ನಡ ಕೇಳಿ ಹಿರಿಯರೊಬ್ಬರು ಕನ್ನಡದಲ್ಲೇ ಮಾತಿಗೆ ಬಂದರು. ಅವರ ಬೀಗರು ಜತ್ ಕಡೆಯವರಂತೆ. ತೋಳ ಆ ವಾರವೇ ಒಂದು ಕುರಿ ಎತ್ತಿಕೊಂಡು ಹೋಗಿತ್ತು. ಬೈದರು, ಚೆನ್ನಾಗಿಯೇ ಬೈದರು. ಆದರೆ ವಿಷ ಇಡುತ್ತೀರಾ ಅಂತ ನಮ್ಮ ಜೊತೆಗಿದ್ದವರು ಕೇಳಿದಾಗ ಅವರ ಮುಖ ನೋಡಬೇಕಿತ್ತು. ಕುರಿ ಕಾಯುವವನ ಕೆಲಸ ಕಾಯುವುದು, ತೋಳದ ಕೆಲಸ ಕದಿಯುವುದು, ಅದರಲ್ಲಿ ವಿಷದ ಮಾತೇಕೆ ಅಂದರು. ಎಲ್ಲರೂ ಹೀಗೇ ಇರುತ್ತಾರೆ ಅಂತ ನಾನು ಹೇಳುವುದಿಲ್ಲ. ಕುರಿ ಹೋದ ಮನೆಗೆ ಪರಿಹಾರ ಬೇಗ ಸಿಗದಿದ್ದರೆ ತಾಳ್ಮೆ ಎಷ್ಟು ದಿನ ಬರುತ್ತದೆ?

ಹಿರಿಯರ ದೊಡ್ಡ ದೂರು ತೋಳದ ಮೇಲಲ್ಲ, ಬೀದಿ ನಾಯಿಗಳ ಮೇಲೆ ಇತ್ತು. ಅದು ಸುಮ್ನೆ ಮಾತಲ್ಲ. ಕೋಳಿ ಫಾರಂಗಳ ಕಸ ಬಯಲಿಗೆ ಬೀಳುತ್ತದೆ, ಅದನ್ನು ತಿಂದು ನಾಯಿ ಹಿಂಡು ಬೆಳೆಯುತ್ತದೆ. ಅವು ಚಿಂಕಾರದ ಮರಿಗಳನ್ನು ಅಟ್ಟುತ್ತವೆ, ತೋಳಕ್ಕೆ ರೋಗ ಅಂಟಿಸುತ್ತವೆ. ಕೆಲವೊಮ್ಮೆ ತೋಳದ ಜೊತೆ ಕೂಡುತ್ತವೆ ಕೂಡ. ಪುಣೆಯ ಹತ್ತಿರ ಬಣ್ಣ ಬೇರೆಯಾಗಿದ್ದ ಪ್ರಾಣಿಯ ಡಿಎನ್‌ಎ ನೋಡಿ, ಅದು ತೋಳ-ನಾಯಿಯ ಬೆರಕೆ ಎಂದು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. (ಜೇಜುರಿಯ ಖಂಡೋಬ, ಅಂದರೆ ನಮ್ಮ ಮೈಲಾರಲಿಂಗ, ತನ್ನ ಜೊತೆ ನಾಯಿ ಇಟ್ಟುಕೊಂಡ ದೇವರು. ಆ ನಾಯಿಯ ಮೇಲೆ ನನ್ನ ತಕರಾರಿಲ್ಲ.) ನಿಮ್ಮ ಮಂಡಳಕ್ಕೆ ನಿಜವಾಗಿ ಕೆಲಸ ಬೇಕಿದ್ದರೆ ಇಲ್ಲಿದೆ ನೋಡಿ. ಆ ಕಸ ಎಲ್ಲಿಂದ ಬರುತ್ತದೆ ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಫೋಟೋ ಸಮೇತ ಅರ್ಜಿ ಕೊಡಿ. ಸಸಿ ತಂದಾಗಿದ್ದರೆ ಹೊಂಗೆ, ಬೇವು ಯಾವುದಿದ್ದರೂ ಕೋಥರೂಡಿನ ರಸ್ತೆ ಬದಿಗೆ, ಸೊಸೈಟಿ ಕಂಪೌಂಡಿಗೆ ನೆಡಿ. ನೆರಳು ಬೇಕಾಗಿರುವುದು ನಮಗೆ, ಚಿಂಕಾರಕ್ಕಲ್ಲ. ಈ ಬದಲಾದ ಕಾರ್ಯಕ್ರಮಕ್ಕೆ ಪ್ರಚಾರ ಖಂಡಿತ ಕೊಡುತ್ತೇವೆ.

ಮರವೇ ಬೇಕು ಅಂತ ಹುಡುಗ ಹಟ ಹಿಡಿದರೆ ಭೀಮಾಶಂಕರಕ್ಕೆ ಕರೆದುಕೊಂಡು ಹೋಗಿ. ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು, ನಮ್ಮ ಕೆಂದಳಿಲು, ಅಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತಿರುತ್ತದೆ. ಶ್ರಾವಣ ಸೋಮವಾರ, ಶಿವರಾತ್ರಿ ಬಿಟ್ಟು ಹೋಗಿ. ಇಲ್ಲದಿದ್ದರೆ ಜಿಪ್ಸಿ ಬದಲು ಎಸ್‌ಟಿ ಬಸ್ಸು ಎಣಿಸಬೇಕಾಗುತ್ತದೆ.

ಬಯಲಿಗೆ ಹೋಗುವಾಗ ಒಂದೆರಡು ಮಾತು. ದಾರಿ ಬಿಟ್ಟು ಗಾಡಿ ಇಳಿಸಲು ಯಾರಿಗೂ ಹೇಳಬೇಡಿ. ಖಾಲಿ ನೆಲ ಅಂತ ಕಾಣುವ ಕಡೆಯೇ ಹಕ್ಕಿ ಮೊಟ್ಟೆ ಇಟ್ಟಿರುತ್ತದೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಚಳಿಗಾಲ ತೋಳ ಮರಿ ಹಾಕುವ ಕಾಲ. ಗೈಡ್ ಗವಿ ತೋರಿಸುತ್ತೇನೆ ಅಂದರೆ ಬೇಡ ಅನ್ನಿ, ಇಂಥಲ್ಲಿ ಗವಿ ಇದೆ ಅಂತ ವಾಟ್ಸಾಪಿಗೂ ಹಾಕಬೇಡಿ. ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ, ಹತ್ತು ಗಂಟೆಯ ಮೇಲೆ ಬಿಸಿಲು ಬಿಟ್ಟರೆ ಏನೂ ಕಾಣದು. ತೋಳ ಕಾಣದೆಯೂ ಇರಬಹುದು, ಇದನ್ನು ಹುಡುಗನಿಗೆ ಹೊರಡುವ ಮುಂಚೆಯೇ ಹೇಳಿಬಿಡಿ.

ನಿಮ್ಮ ಮಂಡಿಯ ಚಿಂತೆ ಬೇಡ. ಸಫಾರಿ ಬಹುಪಾಲು ಗಾಡಿಯಲ್ಲೇ, ಇಳಿದರೂ ನೆಲ ಸಮತಟ್ಟು. ಆದರೆ ದೀಪಾವಳಿ ಆಸುಪಾಸಿನಲ್ಲಿ ಹೋಗುವುದಾದರೆ ಸೀರೆಗಿಂತ ಚೂಡಿದಾರ್ ಮೇಲು. ಆಗ ಹುಲ್ಲು ಬಲಿತಿರುತ್ತದೆ. ಅದರ ಬೀಜಕ್ಕೆ ಸೂಜಿಯಂಥ ಮೂತಿ, ಹಿಂದೆ ಹುರಿ ಹಾಕಿದ ಬಾಲ. ತೇವ ತಾಗಿದರೆ ಆ ಬಾಲ ತಿರುಗಿ ತಿರುಗಿ ಬೀಜವನ್ನು ಮಣ್ಣೊಳಗೆ ಕೊರೆದು ಇಳಿಸುತ್ತದೆ. ಮಣ್ಣು ಸಿಗದಿದ್ದರೆ ಕಾಲುಚೀಲ, ಸೀರೆ ಅಂಚು ಏನಾದರೂ ಆದೀತು ಅದಕ್ಕೆ. ಒಂದೊಂದಾಗಿ ಕಿತ್ತು ತೆಗೆಯುವ ಕೆಲಸ ಮೊಮ್ಮಗನಿಗೆ ವಹಿಸಿ.

— ಸಂಪಾದಕ