ಅಪ್ಪೆಮಿಡಿ ಪುಸ್ತಕ 500 ಪ್ರತಿ ಅಚ್ಚಾಗಿದೆ, ಯಾರಿಗೆ ಮಾರಲಿ?

ಉಪ್ಪಿನಕಾಯಿಗೆ ಹಾಕುವ ಎಳೆಯ ಮಾವು ಅಪ್ಪೆಮಿಡಿಯ ತಳಿ, ಕಸಿ, ಉಪ್ಪಿನಕಾಯಿ ಕುರಿತ 160 ಪುಟದ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ 500 ಪ್ರತಿ ಹಾಕಿಸಿದ್ದೀರಿ, ಬೆಲೆ 200 ರೂಪಾಯಿ, ಶಿರಸಿಯ ಪುಸ್ತಕದಂಗಡಿಯಲ್ಲಿ ಇಟ್ಟದ್ದು ಕದಲುತ್ತಿಲ್ಲ ಎಂದು ಕೇಳಿದ್ದೀರಿ.

ಅಲ್ಲಿ ಕದಲುವುದೂ ಕಷ್ಟವೇ. ಪುಸ್ತಕದಂಗಡಿಗೆ ಬರುವವರು ಕಾದಂಬರಿಗೋ ಮಕ್ಕಳ ಗೈಡಿಗೋ ಬಂದವರು. ಅಂಗಡಿಯ ಕಮಿಷನ್ ಸಾಮಾನ್ಯವಾಗಿ ಶೇ 35ರಿಂದ 40, ಹಣವೂ ಮಾರಿದ ಮೇಲೆಯೇ. ಅಚ್ಚಿನ ಖರ್ಚು ಪ್ರತಿಗೆ 80 ಬಿದ್ದಿದೆ ಎಂದಿಟ್ಟುಕೊಳ್ಳಿ. ಶೇ 40 ಬಿಟ್ಟರೆ ಕೈಗೆ 120, ಉಳಿಯುವುದು 40. ನೀವೇ ಮಾರಿ ಅಂಚೆ ಖರ್ಚನ್ನು ಕೊಳ್ಳುವವರಿಂದ ಪಡೆದರೆ ಉಳಿಯುವುದು 120. ಇಂಥ ಪುಸ್ತಕಕ್ಕೆ ಗಿರಾಕಿ ಮಿಡಿ ಇರುವಲ್ಲಿ, ಮಿಡಿಯ ಕಾಲದಲ್ಲಿ ಸಿಗುತ್ತಾನೆ.

ನಿಮ್ಮ ಓದುಗರು ಒಂದೇ ಗುಂಪು ಎಂದುಕೊಳ್ಳಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಿಡಿ ಹಾಕುವವರು, ಅಂದರೆ ಮನೆಯ ಹೆಂಗಸರು, ಮಹಿಳಾ ಸಂಘಗಳು, ಉಪ್ಪಿನಕಾಯಿಯ ಗೃಹ ಉದ್ಯಮಗಳು. ಇವರಿಗೆ ತಳಿಯ ಇತಿಹಾಸ ಬೇಡ. ಮಿಡಿ ಭರಣಿಯಲ್ಲಿ ಮೆತ್ತಗಾಗುವುದು ಏಕೆ, ತೊಟ್ಟು ಎಷ್ಟು ಬಿಟ್ಟು ಕೊಯ್ದರೆ ಸೊನೆ ಉಳಿಯುತ್ತದೆ, ಉದುರಿ ಪೆಟ್ಟಾದ ಮಿಡಿಯನ್ನು ಏಕೆ ಸೇರಿಸಬಾರದು, ಇಷ್ಟು ಬೇಕು. ಪುಸ್ತಕದಲ್ಲಿ ಇದಿರುವ ಒಂದು ಪುಟದ ಫೋಟೊವನ್ನು ಜನವರಿ ಕೊನೆಗೇ ವಾಟ್ಸಾಪ್‌ನಲ್ಲಿ ಬಿಡಿ. ಇಡೀ ಪಿಡಿಎಫ್ ಮಾತ್ರ ಯಾರಿಗೂ ಕೊಡಬೇಡಿ, ‘ನೋಡಿ ಹೇಳ್ತೆ’ ಎಂದವರಿಗೂ.

ಜೂನ್–ಜುಲೈನಲ್ಲಿ ಗಿರಾಕಿ ಬದಲಾಗುತ್ತಾನೆ. ಆಗ ಕಸಿ ಗಿಡ ಒಯ್ಯುವವರ ಕಾಲ, ಜಾಗ ನರ್ಸರಿ. ನರ್ಸರಿಯವರಿಗೆ ಒಂದಕ್ಕೆ 150ರಂತೆ ನಗದಿಗೆ ಹತ್ತು ಪ್ರತಿ ಕೊಡಿ; ಸಾಲವಾಗಿ ಇಟ್ಟದ್ದು ಗೊಬ್ಬರದ ಚೀಲದ ಹಿಂದೆ ಸೇರುತ್ತದೆ. ಒಂದು ತೊಡಕಿದೆ. ಕಸಿ ಕಟ್ಟುವುದನ್ನು ಜನ ಕಲಿತರೆ ತನ್ನ ಗಿಡ ಯಾರು ಕೊಳ್ಳುತ್ತಾರೆ ಎಂಬ ಅಳುಕು ಅವರಿಗಿರುತ್ತದೆ. ಅಲ್ಲಿಡುವ ಪ್ರತಿಗಳೊಳಗೆ ಆ ನರ್ಸರಿಯ ಹೆಸರು, ಸಿಗುವ ತಳಿಗಳ ಚೀಟಿ ಇಟ್ಟುಕೊಟ್ಟರೆ ಅವರೇ ತೋರಿಸಿ ಮಾರುತ್ತಾರೆ. ಪ್ರತಿ ಪುಸ್ತಕಕ್ಕೂ ಪ್ಲಾಸ್ಟಿಕ್ ಕವರ್ ಹಾಕಿ, ಎರಚಲಿಗೆ ಒಂದೇ ದಿನದಲ್ಲಿ ಹಾಳೆ ಅಲೆ ಎದ್ದುಬಿಡುತ್ತದೆ. ಕಸಿಯ ಅಧ್ಯಾಯ ಚೆನ್ನಾಗಿದ್ದರೆ ಘಟ್ಟದ ಕೆಳಗೂ ಹೋಗಿ. ಅಂಕೋಲಾ ಕಡೆ ಕರಿ ಈಶಾಡ ಮಾವು ಬೆಳೆಯುವವರಿಗೆ ಅಪ್ಪೆ ಬೇಡದಿದ್ದರೂ ಕಸಿ ಬೇಕು.

ಮೂರನೆಯವರು ಬೆಂಗಳೂರು, ಪುಣೆಯಲ್ಲಿರುವ ಊರಿನವರು. ಇವರನ್ನು ನೀವು ಹುಡುಕಬೇಕಿಲ್ಲ, ಅವರಿಗೆ ಉಪ್ಪಿನಕಾಯಿ ಕಳಿಸುವ ಗೃಹ ಉದ್ಯಮದವರ ಬಳಿ ವಿಳಾಸಗಳಿವೆ. ವಿಳಾಸ ಕೇಳಬೇಡಿ, ಅವರು ಕೊಡಲೂಬಾರದು. ಪಾರ್ಸೆಲ್‌ನಲ್ಲಿ ಯುಪಿಐ ಕ್ಯೂಆರ್ ಇರುವ ಸಣ್ಣ ಕಾರ್ಡ್ ಹಾಕಿಸಿ. ಪುಸ್ತಕವನ್ನೇ ಉಪ್ಪಿನಕಾಯಿಯ ಜೊತೆ ಕಳಿಸಿದರೆ ಎಣ್ಣೆ ಸೋರಿದ ದಿನ ಎರಡೂ ಹೋಯಿತು.

ಅಂಚೆಯ ವಿಷಯ ಸ್ವಲ್ಪ ಗಮನವಿಟ್ಟು ಓದಿ. 2025ರ ಮೇ 1ರಿಂದ ಪುಸ್ತಕಗಳಿಗೆ ‘ಜ್ಞಾನ ಪೋಸ್ಟ್’ ಇದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ಟ್ರ್ಯಾಕಿಂಗ್ ಸಿಗುತ್ತದೆ, ಆದರೆ ನೆಲದ ಮಾರ್ಗವಾದ್ದರಿಂದ ನಿಧಾನ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದ, ಡೆಮಿ 1/8 ಅಳತೆಯ (ಸುಮಾರು 5.5 × 8.5 ಇಂಚು) 160 ಪುಟ ಹೆಚ್ಚುಕಡಿಮೆ 170 ಗ್ರಾಂ ತೂಗುತ್ತದೆ, ರಟ್ಟು ಕವರ್ ಸೇರಿದರೂ 300ರ ಒಳಗೇ. ಮುದ್ರಕ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಇರಬೇಕು. ಜಾಹೀರಾತು ಇರುವ ಪ್ರಕಟಣೆಗೆ ಈ ದರ ಸಿಗುವುದಿಲ್ಲ, ಹಾಗಾಗಿ ಖರ್ಚು ಸರಿದೂಗಿಸಲು ಹಿಂಬದಿಯಲ್ಲಿ ಅಡಿಕೆ ವ್ಯಾಪಾರಿಯ ಜಾಹೀರಾತು ಹಾಕುವ ನಮ್ಮ ಕಡೆಯ ರೂಢಿ ಇಲ್ಲಿ ಮುಳುವಾಗುತ್ತದೆ. ಮೇಲೆ ಹೇಳಿದ ನರ್ಸರಿ ಚೀಟಿಯೂ ಅಂಚೆಯ ಪ್ರತಿಯಲ್ಲಿ ಬೇಡ. ಮೊದಲ ಪ್ರತಿಯನ್ನು ಕೌಂಟರಿನಲ್ಲಿ ತೋರಿಸಿ, ಈ ದರಕ್ಕೆ ಸಲ್ಲುತ್ತದೆಯೇ ಎಂದು ಕೇಳಿಕೊಂಡೇ ಉಳಿದವನ್ನು ಕಟ್ಟಿ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆರ್ಡರ್ ಕೊಟ್ಟವರಿಗೆಲ್ಲ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಕೇಳಿ, ಮುಂದಿನ ಪುಸ್ತಕಕ್ಕೂ ಆಗುತ್ತದೆ.

ಪತ್ರಿಕೆಗಳಿಗೆ ವಿಮರ್ಶೆಗೆಂದು ಪ್ರತಿ ಹಂಚುವುದಕ್ಕಿಂತ, ಪುತ್ತೂರಿನ ‘ಅಡಿಕೆ ಪತ್ರಿಕೆ’ಯಂಥ ಕೃಷಿ ಮಾಸಿಕಕ್ಕೆ ಒಂದು ತಳಿಯ ಮೇಲೆ ಫೋಟೊ ಸಹಿತ ಲೇಖನ ಕಳಿಸಿ, ಕೊನೆಯಲ್ಲಿ ಪುಸ್ತಕದ ಒಂದು ಸಾಲು ಇರಲಿ. ವಿಮರ್ಶೆ ಓದಿದವರು ಮೆಚ್ಚುತ್ತಾರೆ, ಲೇಖನ ಓದಿದ ಕೃಷಿಕರು ಫೋನ್ ಮಾಡುತ್ತಾರೆ. ಮಾರಿಕಾಂಬಾ ಜಾತ್ರೆಯ ಅಂಗಡಿ? ಬೇಡ ಮಾರಾಯ್ರೆ. ಜಾತ್ರೆ ಮಿಡಿಯ ಕಾಲಕ್ಕೇ ಬರುತ್ತದೆ ನಿಜ, ಆದರೆ ತೇರು ನೋಡಲು ಬಂದ ಜನ ಕಸಿಯ ಪುಸ್ತಕಕ್ಕೆ ನಿಲ್ಲುವುದಿಲ್ಲ, ಅಂಗಡಿಯ ಬಾಡಿಗೆ ಮಾತ್ರ ಮೈಮೇಲೆ ಉಳಿಯುತ್ತದೆ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ತೆಗೆದುಕೊಂಡಿಲ್ಲದಿದ್ದರೆ ಮರುಮುದ್ರಣಕ್ಕೆ ಮುಂಚೆ ಅರ್ಜಿ ಹಾಕಿ. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿ ಆನ್‌ಲೈನಿನಲ್ಲಿ ಉಚಿತವಾಗಿ ಕೊಡುತ್ತದೆ, ದುಡ್ಡು ಕೇಳುವ ಮಧ್ಯವರ್ತಿಗಳು ಬೇಡ. ಶಿರಸಿಯ ಅರಣ್ಯ ಕಾಲೇಜಿನಂಥ ಕಡೆ ಗ್ರಂಥಾಲಯಕ್ಕೆ ಕೊಡುವಾಗ ಆ ಸಂಖ್ಯೆ ಇದ್ದರೆ ಅನುಕೂಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್‌ನಲ್ಲಿ ಸೇರಿಸಬೇಡಿ.

ಉಳಿದ ಕಟ್ಟುಗಳನ್ನು ಮಳೆಗೆ ಮೊದಲೇ ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೂಸ್ಟು ಹಿಡಿದ ಪ್ರತಿಯನ್ನು ಅರ್ಧ ಬೆಲೆಗೂ ಯಾರೂ ಒಯ್ಯುವುದಿಲ್ಲ.