ಓದುಗರ ಪ್ರಶ್ನೆ: ಮುದುಡಿದ ಹವಳಕ್ಕೆ ಏನು ಹಾಕಲಿ?

ಪ್ರಶ್ನೆ: ಮೇಡಂ, ಕ್ಯಾಲಿಫೋರ್ನಿಯಾದ ನಮ್ಮ ಮನೆಯಲ್ಲಿ 150 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಮೀನುಗಳು ಲವಲವಿಕೆಯಿಂದಿವೆ, ಆದರೆ ಹ್ಯಾಮರ್ ಹವಳ ಎರಡು ವಾರಗಳಿಂದ ಮುದುಡಿದೆ. ಬುಡದಲ್ಲಿ ಬಿಳಿಯ ಸುಣ್ಣದ ಗೂಡು ಕಾಣುತ್ತಿದೆ. ನೀರಿನ ಕ್ಷಾರೀಯತೆ 7 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ) ಇತ್ತು. ಅಂಗಡಿಯವರು ಕಡಿಮೆಯಾಯಿತು ಎಂದಿದ್ದರಿಂದ ದ್ರಾವಣ ಹಾಕಿ ಒಂದೇ ದಿನದಲ್ಲಿ 10ಕ್ಕೆ ಏರಿಸಿದೆ. ಅದೇ ವಾರ ಹೊಸ ಎಲ್‌ಇಡಿ ದೀಪವನ್ನೂ ಹಾಕಿಸಿದೆವು. ಇನ್ನೇನು ಹಾಕಲಿ?
– ಓದುಗರೊಬ್ಬರು, ಫ್ರೀಮಾಂಟ್

ಉತ್ತರ: ಇನ್ನೇನೂ ಹಾಕಬೇಡಿ. ಮೊದಲು ಆ ದ್ರಾವಣದ ಬಾಟಲಿಯನ್ನು ಕಪಾಟಿನೊಳಗಿಡಿ.

ಸಿಂಗಪುರದಲ್ಲಿದ್ದ ಹನ್ನೆರಡು ವರ್ಷವೂ ನಾನು ಹವಳ ಸಾಕಿದ್ದೇನೆ. ನಿಮ್ಮ ಹ್ಯಾಮರ್‌ನ ಹತ್ತಿರದ ಸಂಬಂಧಿಯಾದ ಟಾರ್ಚ್ ಹವಳವೊಂದು ನನ್ನ ಬಳಿ ಐದು ವರ್ಷ ಇತ್ತು. ಕ್ಷಾರೀಯತೆ ಇಳಿದಿದೆಯೆಂದು ಒಂದೇ ಸಂಜೆ ಎಲ್ಲವನ್ನೂ ಸರಿಪಡಿಸಲು ಹೋದೆ. ಮೂರನೆಯ ಬೆಳಿಗ್ಗೆ ದೀಪ ಹಾಕಿ ನೋಡಿದರೆ, ಬೆಂದ ಗೆಣಸಿನ ಸಿಪ್ಪೆ ಬಿಡುವಂತೆ ಅದರ ಮೈ ಗೂಡಿನಿಂದ ಬಿಟ್ಟು ನೀರಿನಲ್ಲಿ ತೊನೆಯುತ್ತಿತ್ತು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಜ ಹೇಳಬೇಕೆಂದರೆ 7 ಎಂಬುದು ಕಾಯಿಲೆಯೇ ಅಲ್ಲ, ಸಮುದ್ರದ ನೀರಿನಲ್ಲಿಯೂ ಸುಮಾರು ಅಷ್ಟೇ ಇರುತ್ತದೆ. ನಿಮ್ಮ ಹವಳವನ್ನು ನೋಯಿಸಿದ್ದು ಆ ಜಿಗಿತ. ಈಗ 10ರಿಂದ ಮತ್ತೆ ಕೆಳಗೆ ಎಳೆಯಲು ಹೋಗಬೇಡಿ. ಹವಳಗಳು ಗೂಡು ಕಟ್ಟಲು ಬಳಸುತ್ತ ಹೋದಂತೆ ಕ್ಷಾರೀಯತೆ ತಾನಾಗಿ ಇಳಿಯುತ್ತದೆ. 8ಕ್ಕೆ ಬಂದಾಗ ಅಲ್ಲಿಯೇ ಹಿಡಿದಿಡಿ. ಮುಂದೆ ಏರಿಸುವುದಿದ್ದರೆ ದಿನಕ್ಕೆ ಅರ್ಧ ಡಿಕೆಎಚ್ ಸಾಕು. ದಿನವೂ ಒಂದೇ ಹೊತ್ತಿಗೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಿ. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇದ್ದರೆ ಅದರ ಗೊಡವೆಗೆ ಹೋಗಬೇಡಿ.

ದೀಪದ ವಿಷಯವೂ ಇದೇ. ಹವಳ ಪ್ರಾಣಿಯಾದರೂ ಅದರ ಮೈಯೊಳಗೆ ಸೂಕ್ಷ್ಮ ಪಾಚಿ ಮನೆಮಾಡಿಕೊಂಡು, ಬೆಳಕಿನಿಂದ ಆಹಾರ ತಯಾರಿಸಿ ಉಣಿಸುತ್ತಿರುತ್ತದೆ. ಬೆಳಕು ಹಠಾತ್ತನೆ ಹೆಚ್ಚಿದರೆ ಹವಳ ಆ ಪಾಚಿಯನ್ನೇ ಹೊರದೂಡಿ ಬಿಳಿಚಿಕೊಳ್ಳುತ್ತದೆ. ಇವತ್ತೇ ದೀಪವನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ನಾಲ್ಕು ವಾರ ಹಿಡಿದು ಮೇಲಕ್ಕೆ ತನ್ನಿ.

ಇನ್ನೊಂದು ಮಾತು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಗಾಜಿಗೆ ಟೇಪು ಅಂಟಿಸಿ ಗುರುತು ಮಾಡಿಕೊಂಡು, ಇಳಿದಷ್ಟು ಆರ್‌ಒ ಸಿಹಿನೀರನ್ನು ದಿನವೂ ತುಂಬಿ. ಹವಳದ ಮೇಲೆ ಕಂದು ಲೋಳೆ ಕಂಡರೆ ಮಾತ್ರ ಕಾಯುತ್ತ ಕೂರಬೇಡಿ. ಸಣ್ಣ ಪೈಪಿನಿಂದ ಲೋಳೆಯನ್ನು ಹೀರಿ ತೆಗೆದು, ಆ ಹವಳವನ್ನು ಬೇರೆ ತೊಟ್ಟಿಗೆ ಸಾಗಿಸಿ. ಅದು ಪಕ್ಕದ ಹವಳಕ್ಕೂ ಹಬ್ಬುತ್ತದೆ.

ಪ್ರಶ್ನೆ: ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಹವಳ ಕಂಡು ಮನಸೋತೆ. ಒಂದು ತುಂಡು ತಂದು ಬೆಂಗಳೂರಿನ ಮನೆಯಲ್ಲಿ ಸಾಕಬಹುದೇ?
– ಓದುಗರೊಬ್ಬರು, ಜಯನಗರ

ಉತ್ತರ: ಖಂಡಿತ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಕಲ್ಲುಹವಳಗಳು 2001ರಲ್ಲಿಯೇ ಸೇರಿವೆ. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಉಪ್ಪುನೀರಿನ ತೊಟ್ಟಿ ಬೇಕೆಂದಿದ್ದರೆ ಸಾಕಣೆಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನುಗಳಿಂದ ಆರಂಭಿಸಿ. ನಮ್ಮ ದೇಶದಲ್ಲಿಯೇ ಅವುಗಳ ಮರಿ ಮಾಡಿಸುತ್ತಾರೆ.