ಸ್ಯಾಟರ್ಡೇ ನೈಟ್ ಲೈವ್‌ನಲ್ಲಿ ಯಾರೂ ಹೆಸರು ಹೇಳದ ಕಲಾವಿದರು: ಯಾರನ್ನು ನೋಡಬೇಕು, ಹೇಗೆ ನೋಡಬೇಕು

ಯೂಟ್ಯೂಬಿನಲ್ಲಿ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮ ಸ್ಯಾಟರ್ಡೇ ನೈಟ್ ಲೈವ್‌ನ ತುಣುಕುಗಳನ್ನು ನೋಡುತ್ತಿದ್ದೀರಿ. ಬೆಲೂಶಿ, ಎಡ್ಡಿ ಮರ್ಫಿ, ವಿಲ್ ಫೆರೆಲ್ ಬಿಟ್ಟರೆ ಇನ್ಯಾರ ಕೆಲಸ ನೋಡಬೇಕು, ಅಷ್ಟು ಚೆನ್ನಾಗಿ ಮಾಡಿದವರೂ ಯಾಕೆ ಮರೆತುಹೋದರು ಎಂದು ಕೇಳಿದ್ದೀರಿ. 1975ರಿಂದ ಈಚೆಗೆ 150ಕ್ಕೂ ಹೆಚ್ಚು ಮಂದಿ ಆ ತಂಡಕ್ಕೆ ಬಂದುಹೋಗಿದ್ದಾರೆ, ಬರೀ ಪಟ್ಟಿ ಕೊಟ್ಟರೆ ನಿಮಗೇನೂ ಸಿಗುವುದಿಲ್ಲ. ನೋಡುವ ಕಣ್ಣು ಒಂದಿಷ್ಟು ಜಾಗ ಬದಲಿಸಿದರೆ ಹೆಸರುಗಳು ತಾವಾಗಿ ಸಿಗುತ್ತವೆ.

2000ದ ಏಪ್ರಿಲ್ 8ರ "ಮೋರ್ ಕೌಬೆಲ್" ಸ್ಕಿಟ್ ನೋಡಿಯೇ ಇರುತ್ತೀರಿ. ಬ್ಲೂ ಆಯ್‌ಸ್ಟರ್ ಕಲ್ಟ್ ರಾಕ್ ತಂಡ 1970ರ ದಶಕದಲ್ಲಿ ಹಾಡೊಂದರ ರೆಕಾರ್ಡಿಂಗ್ ಮಾಡುತ್ತಿದೆ. ಬಿಗಿ ಅಂಗಿಯ ಕೆಳಗೆ ಹೊಟ್ಟೆ ಇಣುಕಿಸಿಕೊಂಡು ವಿಲ್ ಫೆರೆಲ್ ಕೌಬೆಲ್ (ದನದ ಕೊರಳ ಗಂಟೆಯಂಥ ವಾದ್ಯ) ಬಡಿಯುತ್ತಾರೆ. ನಿರ್ಮಾಪಕನಾಗಿ ಕ್ರಿಸ್ಟೋಫರ್ ವಾಕನ್ "ಇನ್ನೂ ಬೇಕು" ಅನ್ನುತ್ತಾರೆ. ಈ ಸಲ ಫೆರೆಲ್ ಇರುವ ಕಡೆಗೆ ಅಂಗೈ ಅಡ್ಡ ಹಿಡಿದು ನೋಡಿ. ಡ್ರಮ್ ಮುಂದಿರುವ ಜಿಮ್ಮಿ ಫಾಲನ್ ನಗು ತಡೆಯಲಾಗದೆ ಬಾಯಿ ಕಚ್ಚಿಕೊಂಡಿದ್ದಾರೆ. ಹೊರೇಶಿಯೊ ಸಾನ್ಸ್ ಕೂಡ ಸೋತಿದ್ದಾರೆ. ಒಬ್ಬರ ಮುಖ ಮಾತ್ರ ಒಂದು ಕೂದಲಷ್ಟೂ ಅಲ್ಲಾಡುವುದಿಲ್ಲ. ಅವರು ಗಾಯಕ ಎರಿಕ್ ಬ್ಲೂಮ್ ಪಾತ್ರದ ಕ್ರಿಸ್ ಪಾರ್ನೆಲ್. ನಿಜವಾಗಿಯೂ ಒಂದು ಹಾಡು ಮುಗಿಸಬೇಕಾಗಿದೆ, ಈ ಮನುಷ್ಯ ಅಡ್ಡ ಬರುತ್ತಿದ್ದಾನೆ ಎಂಬ ಕಿರಿಕಿರಿ ಬಿಟ್ಟು ಬೇರೇನೂ ಆ ಮುಖದಲ್ಲಿಲ್ಲ. ಆ ಕಿರಿಕಿರಿ ನಿಜ ಅನ್ನಿಸುವುದರಿಂದಲೇ ಫೆರೆಲ್ ಮಾಡುವುದು ನಗು ತರಿಸುತ್ತದೆ. ಎಲ್ಲರೂ ನಕ್ಕಿದ್ದರೆ ಅದು ಗೆಳೆಯರ ಗಲಾಟೆ ಆಗುತ್ತಿತ್ತು, ಅಷ್ಟೇ.

ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸ್ಯಗಾರನ ಎದುರು ನಿಂತು ಗಂಭೀರವಾಗಿ ಮಾತು ಎತ್ತಿಕೊಡುವ ವೇಷಧಾರಿಯೇ ನಕ್ಕುಬಿಟ್ಟರೆ ಹಾಸ್ಯ ಅಲ್ಲಿಗೆ ಮುಗಿಯಿತು. ಅಮೆರಿಕದವರು ಆ ಪಾತ್ರಕ್ಕೆ "ಸ್ಟ್ರೇಟ್ ಮ್ಯಾನ್" ಅನ್ನುತ್ತಾರೆ. ಮರೆತುಹೋದವರಲ್ಲಿ ಅರ್ಧಕ್ಕರ್ಧ ಜನ ಈ ಕೆಲಸ ಮಾಡಿದವರೇ. ಪಾರ್ನೆಲ್ 1998ರಿಂದ 2006ರವರೆಗೆ ಇದ್ದರು, ನಡುವೆ 2001ರಲ್ಲಿ ಅವರನ್ನು ತೆಗೆದುಹಾಕಿ ಮರುವರ್ಷ ವಾಪಸ್ ಕರೆಸಿಕೊಂಡರು. ಅವರಿಲ್ಲದಾಗ ಏನು ಕಡಿಮೆಯಾಯಿತು ಎಂದು ತಂಡಕ್ಕೇ ಗೊತ್ತಾಗಿರಬೇಕು.

ಕಾರ್ಯಕ್ರಮದ ಮೊಟ್ಟಮೊದಲ ಸ್ಕಿಟ್‌ನಲ್ಲೇ ಇದು ನಡೆದಿದೆ. 1975ರ ಅಕ್ಟೋಬರ್ 11. ಇಂಗ್ಲಿಷ್ ಕಲಿಸುವ ಮೇಷ್ಟ್ರಾಗಿ ಮೈಕಲ್ ಒ'ಡೊನಹ್ಯೂ, ವಿದ್ಯಾರ್ಥಿಯಾಗಿ ಜಾನ್ ಬೆಲೂಶಿ. ಮೇಷ್ಟ್ರು ವುಲ್ವರಿನ್ ಎಂಬ ಕಾಡುಪ್ರಾಣಿಗೆ ಬೆರಳ ತುದಿ ತಿನ್ನಿಸುವಂಥ ಅಸಂಬದ್ಧ ವಾಕ್ಯಗಳನ್ನೇ ಹೇಳಿಕೊಡುತ್ತಾರೆ, ಶಿಷ್ಯ ಗಿಣಿಯ ಹಾಗೆ ಒಪ್ಪಿಸುತ್ತಾನೆ. ಇದ್ದಕ್ಕಿದ್ದಂತೆ ಮೇಷ್ಟ್ರಿಗೆ ಹೃದಯಾಘಾತವಾಗಿ ಎದೆ ಹಿಡಿದುಕೊಂಡು ಬೀಳುತ್ತಾರೆ. ಶಿಷ್ಯ ಒಂದು ಕ್ಷಣ ನೋಡಿ, ಇದೂ ಪಾಠವೇ ಇರಬೇಕೆಂದು ತಾನೂ ಎದೆ ಹಿಡಿದುಕೊಂಡು ಬೀಳುತ್ತಾನೆ. ನೆನಪಿನಲ್ಲಿ ಉಳಿದದ್ದು ಬೆಲೂಶಿ ಬಿದ್ದದ್ದು. ಮೊದಲು ಬಿದ್ದವರು ಒ'ಡೊನಹ್ಯೂ, ಕಾರ್ಯಕ್ರಮದ ಮೊದಲ ಮುಖ್ಯ ಬರಹಗಾರ. ಅವರು ಬಿದ್ದದ್ದು ನಿಜ ಅನ್ನಿಸದಿದ್ದರೆ ಬೆಲೂಶಿಗೆ ನಕಲು ಮಾಡಲು ಏನೂ ಇರುತ್ತಿರಲಿಲ್ಲ.

ಇನ್ನು ಯಾಕೆ ಮರೆತುಹೋದರು ಅನ್ನುವುದಕ್ಕೆ. ಪ್ರತಿಭೆಗಿಂತ ಆ ಕಾರ್ಯಕ್ರಮದ ವಾರದ ಲೆಕ್ಕ ಇದರಲ್ಲಿ ದೊಡ್ಡ ಕಾರಣ, ಆದ್ದರಿಂದ ವಾರ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸೋಮವಾರ ನಿರ್ಮಾಪಕ ಲಾರ್ನ್ ಮೈಕಲ್ಸ್ ಅವರ ಕೋಣೆಯಲ್ಲಿ ಆ ವಾರದ ಅತಿಥಿ ನಿರೂಪಕರ ಎದುರು ಎಲ್ಲರೂ ಒಂದೊಂದು ಐಡಿಯಾ ಹೇಳುತ್ತಾರೆ. ಮಂಗಳವಾರ ರಾತ್ರಿಯಿಡೀ ಬರವಣಿಗೆ. ಬುಧವಾರ ಎಲ್ಲರೂ ಮೇಜಿನ ಸುತ್ತ ಕೂತು ಸುಮಾರು 40 ಸ್ಕಿಟ್‌ಗಳನ್ನು ಗಟ್ಟಿಯಾಗಿ ಓದುತ್ತಾರೆ, ಅದರಲ್ಲಿ ಹನ್ನೆರಡರ ಆಸುಪಾಸು ಉಳಿಯುತ್ತವೆ. ಗುರುವಾರ ತಿದ್ದುಪಡಿ, ಶುಕ್ರವಾರ ಕ್ಯಾಮೆರಾ ಲೆಕ್ಕದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬ ಅಭ್ಯಾಸ. ಶನಿವಾರ ರಾತ್ರಿ 8ಕ್ಕೆ ಪ್ರೇಕ್ಷಕರನ್ನು ಕೂರಿಸಿ ಪೂರ್ತಿ ಡ್ರೆಸ್ ರಿಹರ್ಸಲ್. ಇದು ನೇರಪ್ರಸಾರಕ್ಕಿಂತ ಉದ್ದವಾಗಿಯೇ ಇರುತ್ತದೆ. ಅದು ಮುಗಿದು 11:30ಕ್ಕೆ ನೇರಪ್ರಸಾರ ಶುರುವಾಗುವ ಮೊದಲು, ಒಂದು ಗಂಟೆಯ ಆಸುಪಾಸಿನಲ್ಲಿ, ಯಾರು ಉಳಿದರು ಯಾರು ಹೋದರು ಎಂದು ತೀರ್ಮಾನ. ವಾರವಿಡೀ ದುಡಿದ ಪಾತ್ರ, ಹೊಲಿಸಿದ ಬಟ್ಟೆ, ಹಾಕಿದ ವಿಗ್ಗು, ಕಟ್ಟಿದ ಸೆಟ್ಟು ಎಲ್ಲಾ ಅಲ್ಲೇ ಬಿದ್ದುಹೋಗಬಹುದು. (ಅಲ್ಲಿ ಶನಿವಾರ ರಾತ್ರಿ 11:30 ಅಂದರೆ ನಮಗೆ ಭಾನುವಾರ ಬೆಳಿಗ್ಗೆ 9, ಚಳಿಗಾಲದಲ್ಲಿ 10. ಕಾಫಿ ಕುಡಿಯುವ ಹೊತ್ತು.)

ಈ ವ್ಯವಸ್ಥೆಯಲ್ಲಿ ಉಳಿಯುವ ಸುಲಭ ದಾರಿ ಒಂದೇ: ಒಂದು ಪಾತ್ರ, ಅದಕ್ಕೆ ಪದೇ ಪದೇ ಹೇಳುವ ಒಂದು ಮಾತು, ಅದನ್ನು ಮತ್ತೆ ಮತ್ತೆ ತರುವುದು. ಪ್ರೇಕ್ಷಕರಿಗೆ ಪರಿಚಯ ಇರುವುದರಿಂದ ವೇಷ ಕಂಡ ಕೂಡಲೇ ಚಪ್ಪಾಳೆ ಬೀಳುತ್ತದೆ, ಡ್ರೆಸ್ ರಿಹರ್ಸಲ್‌ನಲ್ಲಿ ಕತ್ತರಿ ಬೀಳುವುದಿಲ್ಲ. ಮೊದಲ ತಂಡದ ಲರೇನ್ ನ್ಯೂಮನ್ ಇದಕ್ಕೆ ಒಪ್ಪಲಿಲ್ಲ. ಪಾತ್ರಗಳನ್ನು ಮರುಕಳಿಸು ಎಂದು ಮೈಕಲ್ಸ್ ಒತ್ತಾಯಿಸಿದರು, ಆಕೆಗೆ ಪ್ರತಿ ವಾರ ಹೊಸದೊಂದು ಮಾಡಿ ತೋರಿಸುವ ಹಟ. ಅದೇ ಐದು ವರ್ಷದಲ್ಲಿ ಗಿಲ್ಡಾ ರಾಡ್ನರ್ ಮಾಡಿದ ಎಮಿಲಿ ಲಿಟೆಲ್ಲಾ, ರೋಸಾನ್ ರೋಸಾನಡಾನಾ ಮತ್ತೆ ಮತ್ತೆ ಬಂದು ಜನರ ಬಾಯಲ್ಲಿ ಉಳಿದವು. ನ್ಯೂಮನ್ ಅವರನ್ನು ಚೂಪು ತಲೆಯ ಅನ್ಯಗ್ರಹದವರಾದ ಕೋನ್‌ಹೆಡ್ ಮನೆಯ ಮಗಳು ಕಾನಿಯಾಗಿ ಜನ ನೆನೆಯುತ್ತಾರೆ, ಅದೂ ಅದು ಮರುಕಳಿಸಿದ್ದರಿಂದಲೇ. ಆಕೆ ಮುಂದೆ ಕಾರ್ಟೂನ್ ಚಿತ್ರಗಳಿಗೆ ಧ್ವನಿ ಕೊಡುವುದರಲ್ಲಿ ದೊಡ್ಡ ಕೆಲಸ ಮಾಡಿದರು. ದನಿ ಬದಲಾಯಿಸುವ ಆ ಶಕ್ತಿ 1975ರಲ್ಲೇ ಇತ್ತು, ಕಣ್ಣು ಮುಚ್ಚಿ ಕೇಳಿ.

ಅದೇ ತಂಡದ ಗ್ಯಾರೆಟ್ ಮೋರಿಸ್ ಅವರ ಕಥೆ ಬೇರೆ. ಹುಟ್ಟಿದ್ದು 1937ರಲ್ಲಿ, ತಂಡದಲ್ಲಿ ಎಲ್ಲರಿಗಿಂತ ಹಿರಿಯರು. ಸೇರಿದ್ದು ಬರಹಗಾರರಾಗಿ. ಅದಕ್ಕೂ ಮೊದಲು ಹ್ಯಾರಿ ಬೆಲಫಾಂಟೆ ಅವರ ಗಾಯಕವೃಂದದಲ್ಲಿ ಹಾಡಿದವರು. ತಂಡದಲ್ಲಿದ್ದ ಕಪ್ಪು ನಟ ಇವರೊಬ್ಬರೇ, ಹಾಗಾಗಿ ಕಪ್ಪು ಪಾತ್ರ ಯಾವುದೇ ಇರಲಿ, ಅದು ಹೆಂಗಸಿನದಾದರೂ, ಇವರ ಪಾಲಿಗೆ. ಉಳಿದ ಸಮಯದಲ್ಲಿ ಬರಹಗಾರರಿಗೆ ಇವರ ನೆನಪೇ ಇರುತ್ತಿರಲಿಲ್ಲ ಅನ್ನಿಸುತ್ತದೆ. "ಕಿವಿ ಮಂದ ಇರುವವರಿಗೆ ವಾರ್ತೆ" ಹುಡುಕಿ. ಚೆವಿ ಚೇಸ್ ಸುದ್ದಿ ಓದುತ್ತಾರೆ, ಪರದೆಯ ಮೂಲೆಯಲ್ಲಿ ಮೋರಿಸ್ ಬಾಯಿಗೆ ಕೈ ಅಡ್ಡ ಹಿಡಿದು ಅದನ್ನೇ ಕಿರುಚುತ್ತಾರೆ. ಬರೆಯುವಾಗ ಇದರಲ್ಲಿ ಏನೂ ಇಲ್ಲ, ಎಲ್ಲಾ ಇರುವುದು ಕಿರುಚುವ ಹೊತ್ತಿನ ಲೆಕ್ಕದಲ್ಲಿ. ಆಮೇಲೆ 1978ರ ಡಿಸೆಂಬರಿನ ವಾಲ್ಟರ್ ಮ್ಯಾಥೌ ಸಂಚಿಕೆ ನೋಡಿ. ಅದರಲ್ಲಿ ಮೋರಿಸ್ ಮೊಜಾರ್ಟ್‌ನ ಆಪೆರಾ ಗೀತೆಯೊಂದನ್ನು ತಮಾಷೆ ಇಲ್ಲದೆ ನಿಜವಾಗಿ ಹಾಡುತ್ತಾರೆ. ಹಾಲಿವುಡ್ ಫುಟ್‌ಪಾತಿನಲ್ಲಿ ಅವರ ಹೆಸರಿನ ನಕ್ಷತ್ರ ಬಂದದ್ದು 2024ರಲ್ಲಿ, 87ನೇ ವಯಸ್ಸಿಗೆ.

ಈಗ ಕ್ಯೂ ಕಾರ್ಡ್ ವಿಷಯ. ಈ ಕಾರ್ಯಕ್ರಮದಲ್ಲಿ ಟೆಲಿಪ್ರಾಂಪ್ಟರ್ ಇಲ್ಲ, ಮಾತುಗಳನ್ನು ದಪ್ಪ ಹಾಳೆಯಲ್ಲಿ ಕೈಯಿಂದ ಬರೆದು ಕ್ಯಾಮೆರಾ ಪಕ್ಕ ಹಿಡಿಯುತ್ತಾರೆ, ಒಬ್ಬೊಬ್ಬ ನಟರಿಗೆ ಒಂದೊಂದು ಬಣ್ಣದ ಶಾಯಿ. ಡ್ರೆಸ್ ರಿಹರ್ಸಲ್ ಮುಗಿದ ಮೇಲೂ ಸಾಲು ಬದಲಾಗುವುದರಿಂದ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಬಾಯಿಪಾಠ ಮಾಡಿದವರೇ ಹಳೆಯ ಸಾಲು ಹೇಳಿ ಎದುರಿನವರನ್ನು ಸಿಕ್ಕಿಸುತ್ತಾರೆ. ಅಂದರೆ ಎದುರಿಗಿರುವವರ ಮುಖ ಮತ್ತು ಅವರ ಭುಜದಾಚೆಯ ಹಾಳೆ, ಎರಡನ್ನೂ ಒಟ್ಟಿಗೆ ನೋಡುತ್ತಾ ನಟಿಸಬೇಕು. ನಟಿ ಡ್ಯಾನಿಟ್ರಾ ವ್ಯಾನ್ಸ್ ಅವರಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವ ತೊಡಕು, ಇತ್ತು. ರಂಗಭೂಮಿಯಲ್ಲಿ ಅದು ತೊಡಕಲ್ಲ, ತಿಂಗಳುಗಟ್ಟಲೆ ತಾಲೀಮಿನಲ್ಲಿ ಮಾತು ಮೈಗೆ ಹತ್ತುತ್ತದೆ. ಇಲ್ಲಿ ಗಂಟೆಯ ಹಿಂದೆ ಬರೆದ ಸಾಲನ್ನು ನೇರಪ್ರಸಾರದಲ್ಲಿ ಓದಬೇಕು. 1985-86ರ ಆ ಒಂದೇ ಸೀಸನ್ ಅವರು ಇದ್ದದ್ದು, ತಂಡದ ಖಾಯಂ ನಟರ ಸಾಲಿನಲ್ಲಿ ಮೊದಲ ಕಪ್ಪು ಮಹಿಳೆಯಾಗಿ. ಬಿಳಿ ಹುಡುಗಿಯ ಹಳೆಯ ಧಾರಾವಾಹಿಯೊಂದನ್ನು ಅಣಕಿಸಿದ "ದ್ಯಾಟ್ ಬ್ಲ್ಯಾಕ್ ಗರ್ಲ್" ನೋಡಿ. ನಟಿಯಾಗಲು ಬಂದ ಕಪ್ಪು ಹುಡುಗಿಗೆ ಯಾವ ಯಾವ ಪಾತ್ರ ಸಿಗುತ್ತದೆ ಎಂಬ ಗೇಲಿ, ಅದೇ ಆಕೆಗೆ ಆ ಸ್ಟುಡಿಯೋದಲ್ಲಿ ಆಗುತ್ತಿದ್ದದ್ದು. ಅಲ್ಲಿಂದ ಹೊರಬಂದ ಮೇಲೆ ರಂಗಭೂಮಿಯಲ್ಲಿ ಓಬಿ ಪ್ರಶಸ್ತಿ ಗೆದ್ದರು, 1994ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ಸೀಸನ್‌ನಲ್ಲಿ ಟೆರ್ರಿ ಸ್ವೀನಿ ಕೂಡ ಇದ್ದರು. ತಾನು ಸಲಿಂಗಿ ಎಂದು ಮುಚ್ಚಿಡದೆ ತಂಡಕ್ಕೆ ಬಂದ ಮೊದಲಿಗರು, ಆಗಿನ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಆಗಿ ಅದ್ಭುತ. ಸೀಸನ್ ಕೊನೆಗೆ ತಂಡದ ಕೋಣೆಗೆ ಬೆಂಕಿ ಬಿದ್ದಂತೆ ತೋರಿಸಿ ಜಾನ್ ಲೊವಿಟ್ಸ್ ಒಬ್ಬರನ್ನೇ ಮೈಕಲ್ಸ್ ಹೊರಗೆಳೆಯುತ್ತಾರೆ. ತಮಾಷೆಗೆ ಮಾಡಿದ್ದೇ, ಆದರೆ ಬಹುಪಾಲು ಜನರ ಕೆಲಸ ನಿಜಕ್ಕೂ ಹೋಯಿತು. ಒಳಗೆ ಉಳಿದವರಲ್ಲಿ ಆಗ ಯಾರೂ ಕೇಳದ ರಾಬರ್ಟ್ ಡೌನಿ ಜೂನಿಯರ್ ಕೂಡ ಒಬ್ಬರು.

ಎಡ್ಡಿ ಮರ್ಫಿ ಕಾಲದಲ್ಲಿ ಮೇರಿ ಗ್ರಾಸ್ (1981-85) ಅವರನ್ನು ಗಮನಿಸಿ. ಹಳೆಯ ಮಕ್ಕಳ ಹಾಸ್ಯಚಿತ್ರಗಳ ಹುಡುಗ ಬಕ್‌ವೀಟ್ ಆಗಿ ಮರ್ಫಿ ಎಲ್ಲರಿಗೂ ಗೊತ್ತು, ಜೊತೆಗೆ ಆಲ್ಫಾಲ್ಫಾ ಆಗಿ ಇದ್ದದ್ದು ಇವರು. ಟಿಮ್ ಕಜುರಿನ್ಸ್ಕಿ ಅವರ "ಐ ಮ್ಯಾರೀಡ್ ಎ ಮಂಕಿ" ಕೂಡ ಆಗಿನದೇ. ಹೆಂಡತಿಯ ಪಾತ್ರದಲ್ಲಿ ನಿಜವಾದ ಚಿಂಪಾಂಜಿ, ಅದೂ ನೇರಪ್ರಸಾರದಲ್ಲಿ. ಕ್ಯೂ ಕಾರ್ಡ್ ಅದಕ್ಕೆ ಲೆಕ್ಕವಿಲ್ಲ. ಅದು ಏನು ಮಾಡಿತೋ ಅದಕ್ಕೆ ತಕ್ಕ ಮಾತನ್ನು ಗಂಡನ ಗಾಂಭೀರ್ಯ ಬಿಡದೆ ಅಲ್ಲೇ ಹೊಸೆಯಬೇಕು.

ಒಬ್ಬರನ್ನೇ ನೋಡಲು ಸಮಯ ಇದೆ ಅಂದರೆ ಜ್ಯಾನ್ ಹುಕ್ಸ್ (1986-91). ನನ್ನ ಲೆಕ್ಕದಲ್ಲಿ ಆ ಕಾರ್ಯಕ್ರಮಕ್ಕೆ ಬಂದ ನಟಿಯರಲ್ಲಿ ಇವರಷ್ಟು ನಟನೆ ಗೊತ್ತಿದ್ದವರು ಇನ್ನೊಬ್ಬರಿಲ್ಲ. ಮೊದಲು ನೋರಾ ಡನ್ ಜೊತೆಗಿನ "ಸ್ವೀನಿ ಸಿಸ್ಟರ್ಸ್". ಅಕ್ಕತಂಗಿ ಇಬ್ಬರೂ ಹೋಟೆಲು, ಪಾರ್ಟಿಗಳಲ್ಲಿ ಹಾಡುವವರು, ಒಂದು ಹಾಡಿನಿಂದ ಇನ್ನೊಂದಕ್ಕೆ ಹಾರುತ್ತಾ ಮೈಮರೆಯುತ್ತಾರೆ. ಅವರ ಹಾಡುಗಾರಿಕೆಯಲ್ಲಿ ತಪ್ಪಿಲ್ಲ ಎಂಬುದನ್ನು ಗಮನಿಸಿ. ಶ್ರುತಿ ಸರಿ, ತಾಳ ಸರಿ, ಉತ್ಸಾಹ ಮಾತ್ರ ನಾಲ್ಕು ಪಟ್ಟು. ಕೆಟ್ಟದಾಗಿ ಹಾಡಿ ನಗಿಸುವುದು ಸುಲಭ, ಇದು ಕಷ್ಟ. ಆಮೇಲೆ 1990ರ ಏಪ್ರಿಲ್‌ನಲ್ಲಿ ಅಲೆಕ್ ಬಾಲ್ಡ್ವಿನ್ ಮೊದಲ ಸಲ ನಿರೂಪಕರಾಗಿ ಬಂದ ಸಂಚಿಕೆಯ ವೇಟ್ರೆಸ್ ಬ್ರೆಂಡಾ ಸ್ಕಿಟ್. ಹೋಟೆಲಿನ ಕೌಂಟರು, ಒಬ್ಬ ಗಿರಾಕಿ, ಒಬ್ಬ ವೇಟ್ರೆಸ್, ಅಷ್ಟೇ. ನಗೆಗಿಂತ ಹೆಚ್ಚಾಗಿ ಇದು ಒಂದು ಪುಟ್ಟ ನಾಟಕ, ಹುಕ್ಸ್ ಅದನ್ನು ನಾಟಕವಾಗಿಯೇ ಆಡುತ್ತಾರೆ. ಸಭಿಕರು ನಗದ ಜಾಗದಲ್ಲೂ ಅವರಿಗೆ ಅವಸರ ಇಲ್ಲ. ಹೊಸಬರು ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ: ನಗು ಬರಲಿಲ್ಲ ಅಂತ ಗಾಬರಿಯಾಗಿ ಮುಂದಿನ ಸಾಲಿಗೆ ಓಡುತ್ತಾರೆ, ಸ್ಕಿಟ್‌ನ ಉಸಿರು ಹೋಗುತ್ತದೆ. ವೇದಿಕೆಯ ಭಯ ಈ ನಟಿಯನ್ನು ತುಂಬಾ ಕಾಡುತ್ತಿತ್ತು ಎಂದರೆ ನಂಬುವುದು ಕಷ್ಟ.

ಹುಡುಕುವಾಗ ಆಗುವ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಹಳೆಯ ಹಾಡು ಬಳಸಿದ ಸ್ಕಿಟ್‌ಗಳಿಗೆ ಸಂಗೀತದ ಹಕ್ಕು ಸಿಗದೆ ಸ್ಟ್ರೀಮಿಂಗ್‌ನಲ್ಲಿ ಎಷ್ಟೋ ತುಣುಕು ಕಾಣೆಯಾಗಿವೆ. ಹಾಡುತ್ತಲೇ ನಗಿಸುವವರಿಗೆ ಇದರ ಪೆಟ್ಟು ಹೆಚ್ಚು. ಅಮೆರಿಕದ ಸ್ಟ್ರೀಮಿಂಗ್ ತಾಣ ಪೀಕಾಕ್‌ನಲ್ಲಿ ಸಂಚಿಕೆ ಇದೆ ಅಂದರೆ ಪೂರ್ತಿ 90 ನಿಮಿಷದ ಪ್ರಸಾರ ಇದೆ ಎಂದಲ್ಲ. ಮೊದಲ ಐದು ಸೀಸನ್ ಪೂರ್ತಿಯಾಗಿ ಡಿವಿಡಿಯಲ್ಲಿ ಬಂದಿವೆ, ಮೋರಿಸ್ ಮತ್ತು ನ್ಯೂಮನ್ ನೋಡಲು ಅದೇ ಸರಿ. ಮರುಪ್ರಸಾರಕ್ಕೆ ಒಂದು ಗಂಟೆಗೆ ಇಳಿಸಿದ ಆವೃತ್ತಿಗಳನ್ನು ಬಿಟ್ಟುಬಿಡಿ. ಕತ್ತರಿ ಬೀಳುವುದು ರಾತ್ರಿ 12:50ರ ಹೊತ್ತಿಗೆ ಬರುವ ಕೊನೆಯ ವಿಚಿತ್ರ ಸ್ಕಿಟ್‌ಗೆ, ಅವಕಾಶ ಕಡಿಮೆ ಇದ್ದವರ ಒಳ್ಳೆಯ ಕೆಲಸ ಹೆಚ್ಚಾಗಿ ಇರುವುದೇ ಅಲ್ಲಿ. ಮರುಪ್ರಸಾರದಲ್ಲಿ ಕೆಲವೊಮ್ಮೆ ನೇರಪ್ರಸಾರದ ಬದಲು ಡ್ರೆಸ್ ರಿಹರ್ಸಲ್‌ನ ರೆಕಾರ್ಡಿಂಗ್ ಸೇರಿಸಿರುತ್ತಾರೆ. ಒಂದೇ ಸ್ಕಿಟ್‌ನ ಎರಡು ತುಣುಕಿನಲ್ಲಿ ಸಾಲು ಬೇರೆ ಬೇರೆ ಕೇಳಿಸಿದರೆ ನಿಮ್ಮ ಕಿವಿಯ ತಪ್ಪಲ್ಲ. ಹುಡುಕುವಾಗ ನಟರ ಹೆಸರಿನ ಜೊತೆ ಆ ವಾರದ ಅತಿಥಿಯ ಹೆಸರನ್ನೂ ವರ್ಷವನ್ನೂ ಹಾಕಿ, ಬರೀ ನಟರ ಹೆಸರು ಹಾಕಿದರೆ ಪ್ರಸಿದ್ಧರ ತುಣುಕುಗಳೇ ಮೇಲೆ ಬರುತ್ತವೆ.

ಕೊನೆಗೆ ಇಟ್ಟುಕೊಳ್ಳಬೇಕಾದದ್ದು "ಲವ್ ಈಸ್ ಎ ಡ್ರೀಮ್". ಇದು 1988ರಲ್ಲಿ ಟಾಮ್ ಶಿಲ್ಲರ್ ಈ ಕಾರ್ಯಕ್ರಮಕ್ಕಾಗಿ ಮಾಡಿದ ಕಿರುಚಿತ್ರ. ವಯಸ್ಸಾದ ಹೆಂಗಸೊಬ್ಬಳು ಬ್ಯಾಂಕಿನ ಲಾಕರ್ ಕೋಣೆಗೆ ಬಂದು ತನ್ನ ಪೆಟ್ಟಿಗೆ ತೆರೆಯುತ್ತಾಳೆ, ಕಪ್ಪುಬಿಳುಪು ಹೋಗಿ ಬಣ್ಣ ಬರುತ್ತದೆ, ಕಿರೀಟ ತೊಟ್ಟ ಹುಕ್ಸ್ ಸೈನಿಕನ ದಿರಿಸಿನ ಫಿಲ್ ಹಾರ್ಟ್‌ಮನ್ ಜೊತೆ ಹಳೆಯ ಹಾಡೊಂದಕ್ಕೆ ತುಟಿ ಸೇರಿಸುತ್ತಾ ನರ್ತಿಸುತ್ತಾರೆ. ಜೋಕು ಒಂದೂ ಇಲ್ಲ, ಹುಡುಕಬೇಡಿ. 1998ರಲ್ಲಿ ಹಾರ್ಟ್‌ಮನ್ ಕೊಲೆಯಾದಾಗ ಅವರ ನೆನಪಿಗೆ ಇದನ್ನೇ ಹಾಕಿದರು. 2014ರ ಅಕ್ಟೋಬರ್ 9ರಂದು ಹುಕ್ಸ್ ತೀರಿಕೊಂಡರು. ಎರಡು ದಿನದ ನಂತರದ ಶನಿವಾರ, ಬಿಲ್ ಹೇಡರ್ ನಿರೂಪಕರಾಗಿದ್ದ ಸಂಚಿಕೆಯಲ್ಲಿ, ಮತ್ತೆ ಇದನ್ನೇ ಹಾಕಿದರು.